ಮೂರನೇ ಪ್ರೂಫು

ಮುಳಗುಂದ ನಾಕಾದ ಹಿಂದ, ಹೊಂಬಳವರ ಪ್ರೆಸ್ಸಿನಾಗ
ಹದಿನೇಳು ವರ್ಷದಿಂದ ಪ್ರೂಫ್ ನೋಡಾಕಿ ನಾನು.
ಲಗ್ನಪತ್ರ, ಸೊಸೈಟಿ ವರದಿ, ಪಾವತಿ ಪುಸ್ತಕ,
ಒಮ್ಮೊಮ್ಮೆ ಕಾದಂಬರಿ.
ಅರ್ಕಾವತ್ತು ತಪ್ಪಿದ್ರ ದೂರದಿಂದ್ಲೇ ಚುಚ್ಚತೈತಿ
ಅಂಗಿಯೊಳಗ ಹೊಕ್ಕ ಜ್ವಾಳದ ಸುಂಕಿನಂಗ.
ಮುಖಾ ಮಾತ್ರ ಓದಾಕ ಬರಂಗಿಲ್ಲ ನನಗ.
ಹುಬ್ಬು ಮ್ಯಾಲ ಹೋದ್ರ
ಅದು ಪ್ರಶ್ನಾರ್ಥಕೋ, ಆಶ್ಚರ್ಯಸೂಚಕೋ
ಯಾರೂ ಮಾರ್ಜಿನ್ನಿನಾಗ ಬರದಿಟ್ಟಿಲ್ಲ.

"ಊಟ ಆತೇನ ರೇವಕ್ಕಾ?" ಅಂತಾರ.
ಎರಡು ರೊಟ್ಟಿ, ಪುಂಡಿಪಲ್ಯ, ಅರ್ಧಾ ಉಳ್ಳಾಗಡ್ಡಿ,
ಇನ್ನರ್ಧಾ ಯಾಕ ಉಳೀತು ಅನ್ನೂದ್ರಾಗ
ಕೇಳಿದಾಂವ ಮಷಿನ್ ಹತ್ರ ಹೋಗಿರ್ತಾನ.

ಶ್ರಾವಣದಾಗ ಧಾರವಾಡದಿಂದ ಒಂದು ಕಾದಂಬರಿ ಬಂತು.
ನಾನು, ನಾನು ಅಂತ ಕತಿ ಹೇಳಾಂವ ಒಬ್ಬ ಹುಡುಗ, ಗುರುಪಾದ.
ಬಸ್ಸಿನ ನಂಬರ್ ಕೂಡಸ್ತಾನ.
ಮಂದಿ ನಕ್ಕ ಮ್ಯಾಲ ಎಣಿಸಿ ತಾನೂ ನಗತಾನ:
ಒಂದು, ಎರಡು, ಈಗ.
ಅಲ್ಲೇ ನಿಂತು ನನ್ನ ಕೆಂಪು ಪೆನ್ನು.
ಆ ಎಣಿಕಿ ನಾನು ಯಾರಿಗೂ ಹೇಳಿದ್ದಿಲ್ಲ.
ಎಂಟು ಪುಟ, ತಪ್ಪು ಹುಡುಕೂದು ಮರತು ಓದಿಬಿಟ್ಟೆ.
ಮತ್ತ ಹಿಂದ ಬಂದು ಹುಡುಕಿದೆ. ಹನ್ನೊಂದು ಇದ್ದುವು.

ಕಡೀ ಪುಟದಾಗ ಅವ್ವ ಅವನ್ನ ತೆಕ್ಕಿ ಹಾಯ್ತಾಳ,
ಅವನೂ ಕಣ್ಣಾಗ ಕಣ್ಣಿಟ್ಟು ಅಳತಾನ,
ಎಲ್ಲಾ ತಿಳೀತವಾ ಅಂತಾನ.
ಮಾರ್ಜಿನ್ನಿನಾಗ ಬರದೆ:
"ಇಂವ ಬ್ಯಾರೆ ಹುಡುಗ. ಮೊದಲಿನಾಂವ ಎಲ್ಲಿ ಹ್ವಾದ?"

ಲೇಖಕಿ ತಾವ ಬಂದ್ರು.
ನಾ ಬಾಯಿ ತಗಿಯೂಕಿಂತ ಮೊದ್ಲ ಮಾಲಕರು ಕೈ ಮುಗದ್ರು.
"ಕಾಗುಣಿತ ನೋಡ್ರಿ ಅಂದ್ರ ಕತಿ ನೋಡ್ತೀರಿ?
ನಿಮಗ ಹ್ಯಾಂಗ ಗೊತ್ತು?"
ಅವರ ಸೆರಗಿನ ಪಿನ್ನಿಗೆ ಹೇಳಿದೆ:
"ತಿಳೀಲಿಲ್ಲಂದ್ರೂ ಅವ್ವನ ಮ್ಯಾಲ ಜೀವ ಇರತೈತ್ರಿ.
ಮುಟ್ಟಿದ್ರ ಚರ್ಮ ಸುಲದಂಗ ಆದಾಗ
ಆ ಜೀವ ಒಂದು ಹೆಜ್ಜಿ ಹಿಂದ ನಿಲ್ಲತೈತಿ.
ಹೋಗಂಗಿಲ್ಲ. ನಿಂತಿರತೈತಿ."
ಅವರ ಮುಖಕ್ಕ ಏನೋ ಆತು. ಏನಂತ ಗೊತ್ತಾಗಲಿಲ್ಲ.
ಚಾ ಅರ್ಧಕ್ಕ ಬಿಟ್ಟು ಎದ್ದು "ಬರ್ತೀನಿ" ಅಂದ್ರು.
"ಎಷ್ಟಕ್ಕ?" ಅಂದೆ.
ಮಷಿನ್ ಹುಡುಗರು ನಕ್ರು.
ಒಂದು, ಎರಡು.
ನಾ ನಗಲಿಲ್ಲ.

ಮೂರನೇ ಪ್ರೂಫು ದೀಪಾವಳಿ ಆದಮ್ಯಾಲ ಬಂತು.
ತೆಕ್ಕಿ ಇಲ್ಲ, ಅಳು ಇಲ್ಲ.
ಅವ್ವ ಹೊಸ್ತಲ ದಾಟಿ "ಬರ್ತೀನಪಾ" ಅಂತಾಳ.
ಗುರುಪಾದ ಒಂದು ಹೆಜ್ಜಿ ಹಿಂದ ನಿಂತು
"ಎಷ್ಟಕ?" ಅಂತಾನ.
ಅಷ್ಟ. ಅಲ್ಲಿಗೆ ಮುಗೀತು.

ನನ್ನ ಮಾತು ಒಯ್ದಾರೋ, ನನಗ ಕೊಟ್ಟಾರೋ,
ಇದನ್ನ ಹ್ಯಾಂಗ ಓದಬೇಕಂತ ಯಾರನ್ನ ಕೇಳಲಿ.
ಮಾಲಕರು ಊಟಕ್ಕ ಹೋಗಿದ್ರು.
ಪೆನ್ನಿನ ಟೊಪ್ಪಿಗಿ ತಗದು
ಆ 'ಕ'ದ ಬುಡಕ ಬಿಟ್ಟುಹೋದ ಒತ್ತು ಹಚ್ಚಿದೆ.