ಹೊಗೆಗೆ ಎರಡಕ್ಷರ

ಅರವತ್ತೆಂಟು ಬಂತು. ಎಪ್ಪತ್ತು ಬೇಕಿತ್ತು.
ಎರಡು ಅಂಕ ತಾನೇ, ಎಂದು ಯಾರೂ ಅನ್ನಲಿಲ್ಲ.
ಮಂಡಕಳ್ಳಿಯ ಬಾಡಿಗೆ ಕೋಣೆಗೆ ಬೀಗ ಹಾಕಿ
ಕೆಂಪು ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು
ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೂ
ಲೆಕ್ಕ ಹಾಕುತ್ತಲೇ ಇದ್ದೆ:
ಒಂದು ಡಿಗ್ರಿ ದಿಕ್ಕು ತಪ್ಪಿದರೆ
ಅರವತ್ತು ಮೈಲಿಗೆ ಒಂದು ಮೈಲಿ ಆಚೆ.
ನಾನು ತಪ್ಪಿದ್ದೆಷ್ಟು? ಎಲ್ಲಿಂದ?

ಚಿಕ್ಕಪ್ಪನ ಆಲೆಮನೆ. ಬೆಳಗಿನ ಐದೂವರೆ.
ಪುಸ್ತಕಕ್ಕೆ ಸೊಸೈಟಿ ಕ್ಯಾಲೆಂಡರಿನ ಹೊದಿಕೆ,
ಒಳಗೆ ಮೋಡಗಳ ಹೆಸರು:
ಸಿರಸ್, ಆಲ್ಟೊಸ್ಟ್ರಾಟಸ್, ಕ್ಯುಮುಲೊನಿಂಬಸ್,
ಮದುವೆ ಕಾಗದದಲ್ಲಷ್ಟೇ ಕಂಡ
ದೂರದ ನೆಂಟರು.

ಪಾಕ ನೋಡುವ ಮೊಗ್ಗಣ್ಣ ಓದಿದ್ದು ನಾಲ್ಕನೇ ಕ್ಲಾಸು.
ಅವನ ಎರಡು ಬೆರಳುಗಳಲ್ಲಿ ರೇಖೆಗಳಿಲ್ಲ.
ಕುದಿವ ಪಾಕವನ್ನು ನೀರಿಗೆ ಬಿಟ್ಟು, ಉಂಡೆ ಮಾಡಿ,
ತಟ್ಟೆಗೆ ಹೊಡೆದು, ಟಣ್ ಅಂತದಾ ಎಂದು ಕೇಳಿ ಕೇಳಿ
ಮೂವತ್ತು ವರ್ಷದಲ್ಲಿ ಸವೆದು ಹೋದವು.
ರೇಷನ್ ಅಂಗಡಿಯ ಯಂತ್ರ
ಇಂದಿಗೂ ಅವನನ್ನು ಅವನೆಂದು ನಂಬುವುದಿಲ್ಲ.

"ಏನವ್ವ ಓದ್ತಾ ಇದೀಯೆ?"
"ಗಾಳಿ."
"ಗಾಳೀನಾ?" ನಕ್ಕ. "ಅದ್ರಲ್ಲೂ ಫೇಲ್ ಮಾಡ್ತಾರಾ?"

ಓದಿ ಹೇಳಿದೆ, ಇಂಗ್ಲಿಷಿನಿಂದ ಮೆಲ್ಲಗೆ ನೆಲಕ್ಕಿಳಿಸುತ್ತ:
ಮೇಲೆ ಹೋದಂತೆ ತಣ್ಣಗಾಗಬೇಕು,
ಸಾವಿರ ಅಡಿಗೆ ಎರಡು ಡಿಗ್ರಿ, ಹೆಚ್ಚು ಕಡಿಮೆ.
ಒಮ್ಮೊಮ್ಮೆ ತಿರುವುಮುರುವು,
ತಳ ತಂಪು, ಮೇಲೆ ಬೆಚ್ಚಗೆ.
ಆಗ ಕೆಳಗಿನ ಗಾಳಿ ಏಳುವುದಿಲ್ಲ.
ಯಾವಾಗ ಹೀಗೆ? ನಾಲ್ಕು ಉತ್ತರ, ಒಂದೇ ಸರಿ.

ಅವನು ಒಲೆಗೊಂದು ಹೊರೆ ರಚ್ಚು ತಳ್ಳಿ
ಗದ್ದೆಯತ್ತ ಗಲ್ಲ ಎತ್ತಿದ.
ಕೊಳವೆಯಿಂದ ಎದ್ದ ಹೊಗೆ ತೆಂಗಿನ ತಲೆಯವರೆಗೆ ಹೋಗಿ
ಯಾರೋ ಅಡ್ಡಹಲಗೆ ಇಟ್ಟ ಹಾಗೆ ಮಡಚಿಕೊಂಡು
ಭತ್ತದ ಕೂಳೆಯ ಮೇಲೆ, ನಾಲೆಯ ಮೇಲೆ
ಉದ್ದಕ್ಕೆ ಬಿದ್ದುಕೊಂಡಿತ್ತು.
"ನೆಲ ಕಾಯೋಗಂಟ ಇದು ಏಳಾಕಿಲ್ಲ.
ಒಂಬತ್ತಕ್ಕೆ ನೋಡು, ನೆಟ್ಟಗೆ ನಿಂತ್ಕತದೆ.
ರಾತ್ರಿ ಚುಕ್ಕಿ ಚೆನ್ನಾಗಿ ಕಂಡಿದ್ರೆ, ಎಲೆ ಅಲ್ಲಾಡ್ದೆ ಇದ್ರೆ,
ಮಾರ್ನೆ ದಿನ ಹಿಂಗೇಯ."

ಪುಟ ನೂರ ಹದಿನಾರು: ಕ್ಲಿಯರ್ ಸ್ಕೈ, ಲೈಟ್ ವಿಂಡ್.
ಚುಕ್ಕಿ ಎಂಬ ಮಾತು ಅಲ್ಲಿಲ್ಲ.

ಒಂಬತ್ತಕ್ಕೆ ನೋಡಿದೆ,
ನಿಜ ಹೇಳಬೇಕೆಂದರೆ ಒಂಬತ್ತೂ ಇಪ್ಪತ್ತಾಗಿತ್ತು.
ಹೊಗೆ ಎದ್ದು ಕಾಲು ಕೊಡವಿ ಪಡುವಣಕ್ಕೆ ನಡೆಯಿತು.
ಮೂಡಗಾಳಿ, ಅಂದ ಮೊಗ್ಗಣ್ಣ.
ಗಾಳಿಗೆ ಅದು ಬಂದ ದಿಕ್ಕಿನ ಹೆಸರು, ಹೋಗುವ ದಿಕ್ಕಿನದಲ್ಲ.
ಇದೊಂದರಲ್ಲಿ ಪುಸ್ತಕಕ್ಕೂ ಅವನಿಗೂ ಜಗಳವಿಲ್ಲ.

ಮಧ್ಯಾಹ್ನ ಆಲ್ಟಿಮೀಟರ್.
ಎತ್ತರ ತೋರಿಸುವ ಆ ಮುಳ್ಳಿಗೆ
ಒತ್ತಡ ಬಿಟ್ಟರೆ ಬೇರೇನೂ ಗೊತ್ತಿಲ್ಲ.
ಒತ್ತಡ ಹೆಚ್ಚಿದ್ದ ಊರಿಂದ ಕಡಿಮೆಯಿರುವ ಊರಿಗೆ ಹಾರುವಾಗ
ತಿರುಪು ತಿರುಗಿಸಲು ಮರೆತೆಯೋ,
ಇರುವುದಕ್ಕಿಂತ ಮೇಲಿದ್ದೀಯ ಎಂದು ಹೊಗಳುತ್ತದೆ.
ನೆಲ ಸದ್ದಿಲ್ಲದೆ ಹತ್ತಿರ ಬರುತ್ತಿರುತ್ತದೆ.
ಅವ್ವನಿಗೆ ಹೇಳಿದೆ. ಅಕ್ಕಿಯಿಂದ ಕಲ್ಲೊಂದನ್ನು ಆರಿಸಿ ಎಸೆದು
"ನಿಮ್ಮತ್ತೆ ಥರ" ಎಂದಳು.

ಸಂಜೆ ಕೋಡುಗಳು. ಇವನ್ನು ಉರು ಹೊಡೆಯಲೇಬೇಕು.
ಎಚ್ ಝಡ್ ಅಂದರೆ ಮಬ್ಬು, ಬಿ ಆರ್ ಅಂದರೆ ತೆಳು ಮಂಜು,
ಎಫ್ ಯು ಅಂದರೆ ಹೊಗೆ.
ಮೊಗ್ಗಣ್ಣನ ಮುಂದೆ ಪುಸ್ತಕ ಹಿಡಿದೆ:
ನೋಡು, ನೀನು ಎಬ್ಬಿಸಿದ್ದೆಲ್ಲ ಇಷ್ಟೇ, ಎರಡಕ್ಷರ.
ಕೊಪ್ಪರಿಗೆ ಇಳಿದಿತ್ತು. ಅಚ್ಚುಗಳು ತುಂಬಿದ್ದವು.
ಕೈಯನ್ನು ಪಂಚೆಗೆ ಒರೆಸಿಕೊಂಡು,
ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡು,
ರೇಖೆಯಿಲ್ಲದ ಬೆರಳಲ್ಲಿ ಆ ಎರಡಕ್ಷರ ಮುಟ್ಟಿದ.
"ಬೆಲ್ಲಕ್ಕೆ?" ಅಂದ.

ಹುಡುಕಿದೆ. ಮರಳಿಗಿತ್ತು, ಬೂದಿಗಿತ್ತು,
ಆಲಿಕಲ್ಲಿಗಿತ್ತು.
ಮುಂದಿನ ಪುಟ ತೆಗೆಯಹೋದರೆ
ಹಾಳೆಗೆ ಹಾಳೆ ಅಂಟಿಕೊಂಡಿತ್ತು.