ಕೆಮ್ಮಲೆ

ಪಂಚಾಯ್ತಿಯವರು ಒಂದು ಹಾಳೆ ಕೊಟ್ಟರು:
ಊರಿನ ಚರಿತ್ರೆ, ಹತ್ತು ಸಾಲು ಮೀರದಂತೆ.
ಹೆಸರಿನಿಂದಲೇ ಶುರುಮಾಡಿದೆ.
ಕೆಂಪು ಮಲೆ, ಅದಕ್ಕೇ ಕೆಮ್ಮಲೆ.
'ಅಲ್ಲಲೇ, ಕೆಮ್ಮಿನ ಮಲೆ' ಅಂದಳು ಹೊನ್ನೂರಬಿ,
ಅಂದು, ಕೆಮ್ಮಿದಳು.

ಮೊದಲಿಗೆ ಇಲ್ಲಿ ಕುಲುಮೆಗಳಿದ್ದವಂತೆ.
ಯಾರ ಕಾಲ? ಕೇಳಬಾರದು.
ಈಗಲೂ ಮಳೆ ಹೊಯ್ದ ಮಾರನೆ ದಿನ
ಹಿತ್ತಿಲಲ್ಲಿ ಕಿಟ್ಟ ಮೇಲೇಳುತ್ತದೆ,
ಸೀದ ರೊಟ್ಟಿಯ ಹಾಗೆ ಕರ್ರಗೆ, ತೂತುತೂತು.
ನಮ್ಮ ಕೋಳಿಗೂಡಿಗೆ ಅದರದೇ ಗೋಡೆ.

ಆಮೇಲೆ ಸಾಹೇಬರು ಬಂದರು.
ಬಂದರು ಅನ್ನುವುದು ಸುಳ್ಳು, ಹೊತ್ತು ತಂದರು.
ಬಳ್ಳಾರಿಯ ದಂಡಿನಲ್ಲಿ ಬೆಂದು ನೆತ್ತರು ಕೆಮ್ಮುತ್ತಿದ್ದ
ಮೀಸೆ ಬಲಿಯದ ಸೋಜರ ಹುಡುಗರನ್ನು
ಮೇಣೆಯಲ್ಲಿ ಮಲಗಿಸಿ, ಏಳು ತಿರುವು,
ಬೋಯಿಗಳ ಹೆಗಲು ಕಿತ್ತುಬರುವ ಹಾಗೆ.
ಇಲ್ಲಿಯ ಗಾಳಿಯೇ ಮದ್ದೆಂದು ಯಾವನೋ ಬರೆದಿದ್ದನಂತೆ.
ಗಾಳಿ ಕುಡಿದರು. ಕೆಲವರು ನಡೆದೇ ಇಳಿದು ಹೋದರು.
ಹನ್ನೊಂದು ಮಂದಿ ಕಾರೆಕಂಟಿಯ ಕೆಳಗೆ ಉಳಿದರು.
ಹೊನ್ನೂರಬಿಯ ಮುತ್ತಜ್ಜ ತೊಗಲಚೀಲದಲ್ಲಿ ನೀರು ಹೊತ್ತವನು.
ಕೊನೆಯ ಗುಟುಕು ಕುಡಿಸಿದ್ದಕ್ಕೆ ಒಬ್ಬ ಹುಡುಗ
ಕೋಟಿನ ಹಿತ್ತಾಳೆ ಗುಂಡಿ ಕಿತ್ತು ಕೊಟ್ಟಿದ್ದನಂತೆ.
ಅದೀಗ ಇವಳ ಕುಪ್ಪಸದಲ್ಲಿ, ಮೇಲಿಂದ ಎರಡನೆಯದು.

ಬಾವುಟ ಇಳಿಯಿತು. ಬಂಗಲೆಯ ಕದ, ಜಂತಿ, ಹಂಚು
ಒಂದೊಂದೇ ಬೆಟ್ಟ ಇಳಿದು
ಸಂಡೂರಿನಲ್ಲಿ ಯಾರುಯಾರದೋ ಮನೆಯಾದವು.
ಉಳಿದದ್ದು ಗಂಟೆ. ನಾಲಗೆ ಇಲ್ಲದ್ದು.
ಚಿರತೆ ಬಂದರೆ ಕಲ್ಲಿನಿಂದ ಬಡಿಯುತ್ತೇವೆ.

ಆಮೇಲೆ ಲಾರಿ.
ಬರೆಯಲೋ ಬೇಡವೋ, ಕಾರ್ಯದರ್ಶಿಯನ್ನು ಕೇಳಿದೆ.
'ಅಭಿವೃದ್ಧಿ ಅಂತ ಬರಿ' ಅಂದ.
ಆರು ವರ್ಷ
ಎಮ್ಮೆ ಕೆಂಪು, ಒಣಹಾಕಿದ ಪಂಚೆ ಕೆಂಪು,
ಸತ್ತವರ ಮೂಗಿಗಿಟ್ಟ ಹತ್ತಿ,
ಅದೂ.

ನೆತ್ತಿಯ ಮೇಲೊಂದು ಕಲ್ಲಿತ್ತು, ಸಾಹೇಬರು ಕೊರೆಸಿದ್ದು:
ಮೂರು ಸಾವಿರದ ನೂರ ಹನ್ನೆರಡು ಅಡಿ.
ನೆತ್ತಿಯನ್ನೇ ಅಗೆದು ಹಡಗು ಹತ್ತಿಸಿದ ಮೇಲೆ
ಕಲ್ಲನ್ನು ತಂದು ಶಾಲೆಯ ಮುಂದೆ ನೆಟ್ಟರು.
ಮಕ್ಕಳು ಅದೇ ಅಂಕಿ ಬಾಯಿಪಾಠ ಮಾಡುತ್ತವೆ,
ಎಲ್ಲಿಯೂ ಇಲ್ಲದ ಎತ್ತರದಲ್ಲಿ ಸಾಲಾಗಿ ನಿಂತು.

ಹತ್ತು ಸಾಲು ಎಂದೋ ಮುಗಿದಿತ್ತು.
ಹೊಡೆದು ಹಾಕಿ, ಹೊಡೆದು ಹಾಕಿ
ಕೊನೆಗೆ ಬರೆದುಕೊಟ್ಟದ್ದು ಇಷ್ಟು:
ಮನೆ ಮೂವತ್ತೊಂದು. ಬೋರ್‌ವೆಲ್ ಒಂದು, ಕೆಟ್ಟಿದೆ.
ಊರು ಹಳೆಯದು. ಗಾಳಿ ಚೆನ್ನಾಗಿದೆ.

ಓದಿ ಹೇಳಿದೆ. ಹೊನ್ನೂರಬಿ ನಕ್ಕಳು,
ನಗು ಎಂದಿನಂತೆ ಅರ್ಧದಾರಿಗೆ ಕೆಮ್ಮಾಯಿತು.
ಗುಂಡಿಯ ಮೇಲೆ ಅಂಗೈ ಒತ್ತಿ, ಉಸಿರು ತಂದುಕೊಂಡು
'ಗಂಟೀದು ಬರದ್ಯಾ?' ಅಂದಳು.

ಮರೆತಿದ್ದೆ.