ದ್ವಿವಚನ

ಇನಾರಿ ಸರೋವರದ ಮೇಲೆ ಮಾರ್ಚಿ ತಿಂಗಳು.
ಮಂಜುಗಡ್ಡೆ ಮೂರು ಗೇಣು ದಪ್ಪ,
ಕೊರೆದ ತೂತು ಎರಡು, ನಡುವೆ ನಲವತ್ತು ಹೆಜ್ಜೆ.
ಆ ತೂತಿನ ಹತ್ತಿರ ಸಾಮ್ಮಲಜ್ಜ, ಎಂಬತ್ತಮೂರು.
ಈ ತೂತಿನ ಹತ್ತಿರ ನಾನು, ನಲವತ್ತನಾಲ್ಕು,
ಕಿಸೆಯಲ್ಲಿ ನೋಟುಬುಕ್ಕು, ಹೆಪ್ಪುಗಟ್ಟಿದ ಪೆನ್ನು.

ಬಲೆ ನೀರಿನಡಿ ಇದೆ.
ಅವನು ಎಳೆದಷ್ಟು ನಾನು ಹಗ್ಗ ಬಿಡಬೇಕು.
ಬಿಗಿ ಹಿಡಿದರೆ ಹರಿಯುತ್ತದೆ,
ಸಡಿಲ ಬಿಟ್ಟರೆ ಸಿಕ್ಕು.
ಅವನು ಕೂಗುತ್ತಾನೆ. ಅರ್ಧ ಗಾಳಿಯ ಪಾಲು,
ಉಳಿದರ್ಧ ನನ್ನ ಪಾಠ.

ಅಂಚೆ ಕಚೇರಿಗೆ ಒಂದು ವರ್ಷ ರಜೆ ಬರೆದು ಬಂದಿದ್ದೇನೆ
ಅಮ್ಮನ ಮಾತನ್ನು ಯಾರ ಯಾರದೋ ಬಾಯಿಂದ ಕಲಿಯಲು.
ಅಮ್ಮ ಕೊಡಲಿಲ್ಲ.
ಜಿಪುಣತನಕ್ಕಲ್ಲ.
ಏಳು ವರ್ಷಕ್ಕೇ ಅವಳನ್ನು ಹಾಸ್ಟೆಲಿಗೆ ಹಾಕಿದರು.
ಹಗಲೆಲ್ಲ ಫಿನ್ನಿಶ್, ಹೇಗೋ ಸಂಭಾಳಿಸಿದಳು.
ರಾತ್ರಿ, ನಿದ್ದೆಯಲ್ಲಿ ಬಾಯಿ ತಪ್ಪಿ ಬಂದುಬಿಟ್ಟರೆ?
ಕಂಬಳಿಯ ಅಂಚು ಕಚ್ಚಿ ಮಲಗುವುದನ್ನು ಕಲಿತಳು.
ಸಾಯುವ ತನಕ ಹಾಗೇ ಮಲಗಿದಳು,
ಅಪ್ಪನ ಪಕ್ಕದಲ್ಲೂ.
ಮೂಲೆಯಲ್ಲಿ ಹಲ್ಲಿನ ಗುರುತಿರುವ ಕಂಬಳಿಯೊಂದು ನನ್ನ ಹತ್ತಿರ ಇದೆ.
ಒಗೆದಿಲ್ಲ.

ಮೀನಿನ ಹೆಸರು, ಗಾಳಿಯ ಹೆಸರು ಬೇಗ ಬಂದವು.
ತೊಡರಿದ್ದು ‘ನಾವು’ ಎಂಬಲ್ಲಿ.
ಈ ಮಾತಿನಲ್ಲಿ ನಾವು ಎರಡು ಬಗೆ:
ಮಿಯ್ ಅಂದರೆ ಮೂವರು, ಮೂವತ್ತು ಜನ, ಊರಿಗೆ ಊರೇ.
ಮುವೊಯ್ ಅಂದರೆ ಇಬ್ಬರು.
ಇಬ್ಬರೇ.
ಕ್ರಿಯಾಪದಕ್ಕೂ ಅದರದೇ ಬಾಲ,
ಇಬ್ಬರು ಉಂಡರೆ, ಇಬ್ಬರು ನಡೆದರೆ,
ಇಬ್ಬರು ಏನೂ ಮಾಡದೆ ಸುಮ್ಮನೆ ಕೂತರೂ.

ಪುಸ್ತಕದಲ್ಲಿ ಓದಿ, ಬಾಯಿಪಾಠ ಮಾಡಿ,
ಒಂದು ಬೆಳಿಗ್ಗೆ ಅವನ ಅಡುಗೆಮನೆಯಲ್ಲಿ ಒಪ್ಪಿಸಿದೆ:
ಮುವೊಯ್ ಕಾಫಿ ಕುಡಿಯುತ್ತೇವೆ.
ಅಜ್ಜ ಕಪ್ಪು ಕೆಳಗಿಟ್ಟ.
ತಪ್ಪಾಯಿತೇ?
ಇಲ್ಲ, ಸರಿಯಾಗಿದೆ, ಅಂದ. ಫಿನ್ನಿಶ್‌ನಲ್ಲಿ.
ಆವತ್ತು ಇಡೀ ದಿನ ಫಿನ್ನಿಶ್‌ನಲ್ಲೇ.

ಸೊಸೆ ಆಮೇಲೆ ಬಾಗಿಲ ಬಳಿ ಹೇಳಿದಳು:
ಮಾರ್ಯಾ ಅಜ್ಜಿ ಹೋಗಿ ಹನ್ನೊಂದು ವರ್ಷ,
ಅಂದಿನಿಂದ ಆ ಪದ ಅವನ ಬಾಯಲ್ಲಿ ಕೇಳಿದವರಿಲ್ಲ.
ನಾಯಿ ಜೊತೆಗೆ ಹೊರಟರೂ ‘ನಾನು ಹೋಗಿ ಬರ್ತೀನಿ’ ಅಂತಾನೆ.
ದಕ್ಷಿಣದಿಂದ ಪಂಡಿತರು ಬಂದು
ಯಂತ್ರ ಇಟ್ಟು ಸಾವಿರ ಪದ ಹಿಡಿದುಕೊಂಡು ಹೋದರಂತೆ.
ಇದೊಂದನ್ನು ಮಾತ್ರ ನನ್ನ ತಂಗಿಯ ಹತ್ತಿರ ಕೇಳಿ,
ಡಬ್ಬಿಯೆದುರು ಒಬ್ಬನೇ ಕೂತು ಇಬ್ಬರನ್ನು ಎಲ್ಲಿಂದ ತರಲಿ, ಅಂದನಂತೆ.

ಹಗ್ಗ ತಟ್ಟನೆ ನಿಂತಿತು.
ಅಡಿಯಲ್ಲಿ ಎಲ್ಲೋ ಬಂಡೆಗೆ ಕಚ್ಚಿದೆ.
ಕೈಗವಸು ಕಿತ್ತು ಹಾಕಿದೆ, ಬೆರಳಿಗೆ ಮಾತ್ರ ತಿಳಿಯುವ ಬಿಗಿ.
ಅವನು ಸ್ವಲ್ಪ ಬಿಟ್ಟ. ನಾನು ಸ್ವಲ್ಪ ಜಗ್ಗಿದೆ.
ಬಿಟ್ಟೆ. ಅವನು ಜಗ್ಗಿದ.
ಕಳಚಿತು.
ಆಗ ಅಜ್ಜ ಏನೋ ಕೂಗಿದ.
ಸರ್ವನಾಮವನ್ನು ಗಾಳಿ ತಿಂದುಹಾಕಿತು,
ಕ್ರಿಯಾಪದದ ಬಾಲವಷ್ಟೇ ನಲವತ್ತು ಹೆಜ್ಜೆ ದಾಟಿ ಬಂತು:
ಎಳೆಯುತ್ತಿದ್ದೇವೆ.
ಎರಡರ ಬಾಲ.
ಇನ್ನೊಮ್ಮೆ ಹೇಳು ಅನ್ನಲಿಲ್ಲ. ಬರೆದುಕೊಳ್ಳಲೂ ಇಲ್ಲ.
ಪೆನ್ನು ಹೆಪ್ಪುಗಟ್ಟಿತ್ತಲ್ಲ.

ಮಧ್ಯಾಹ್ನ ಮೀನು ಕೊಡಲು ಶಿಶುವಿಹಾರಕ್ಕೆ ಹೋದೆವು.
ಭಾಷೆಯ ಗೂಡು ಅಂತಾರೆ ಅದಕ್ಕೆ.
ಒಳಗೆ ಫಿನ್ನಿಶ್‌ಗೆ ಪ್ರವೇಶವಿಲ್ಲ,
ಮೂಗು ಸೋರುವುದಕ್ಕೂ, ಉಚ್ಚೆ ಬಂತೆನ್ನುವುದಕ್ಕೂ ಅದೇ ಮಾತು.
ಅಂಗಳದಲ್ಲಿ ಒಂದು ಜಾರುಬಂಡಿ, ಮೂರು ಮಕ್ಕಳು.
ಲೈಲಾ, ವಿಲ್ಯಾ ಹಗ್ಗ ಹಿಡಿದು ಕಿರುಚುತ್ತಿದ್ದರು:
ಮುವೊಯ್! ಮುವೊಯ್!
ನೀನಲ್ಲ, ನಾವಿಬ್ಬರೇ!
ಯೌನಾ ಹಿಮದಲ್ಲಿ ಕುಕ್ಕರಿಸಿ ಅಳುತ್ತಿದ್ದ,
ಯಾವ ವ್ಯಾಕರಣ ತನ್ನನ್ನು ಹೊರಗಿಟ್ಟಿತೆಂದು
ಚೆನ್ನಾಗಿ ಗೊತ್ತಿದ್ದವನ ಅಳು.

ಮೇಡಂ ಗದರಲು ಓಡಿ ಬಂದರು.
ಅಜ್ಜ ನಕ್ಕ. ಕೆಮ್ಮು ಬರುವ ತನಕ ನಕ್ಕ,
ಮೀನಿನ ಪೊರೆ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ.
ಯೌನಾ ಎದ್ದ, ಸುತ್ತ ನೋಡಿದ,
ಆ ಕೈಯನ್ನೇ ಹಿಡಿದುಕೊಂಡು
ಹುಡುಗಿಯರ ಕಡೆ ತಿರುಗಿ
ಅದೇ ಪದ ಒದರಿದ.

ಬುಟ್ಟಿ ಹಿಡಿದು ನಾನು ಗೇಟಿನ ಬಳಿ ನಿಂತಿದ್ದೆ,
ಮೂರನೆಯವಳು.